ಸಂಜೆ ಪೂಜೆ, ಹೊರಗಿನ ಊಟ

ಸಂಜೆಯ ಪೂಜೆ ಮುಗಿಸಿ ಚರ್ಚಿನಿಂದ ಹೊರಟವರು ಊಟಕ್ಕೆ ಸೀದಾ ಮನೆಗೆ ಬರಬಾರದು ಎನ್ನುವ ಪಕ್ಷದವಳು ನಾನು. ದಾರಿಯಲ್ಲಿ ಎಲ್ಲಾದರೂ ನಿಲ್ಲಬೇಕು, ನಾಲ್ಕು ಜನ ಕೂತಿರುವ ಮೇಜಿನಲ್ಲಿ ಜಾಗ ಮಾಡಿಕೊಳ್ಳಬೇಕು, ಹೊಟ್ಟೆ ತುಂಬ ತಿಂದೇ ಬರಬೇಕು. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಒಲೆ ಹಚ್ಚುವುದು ಅಪರೂಪ. ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಹಾಸನದ ಹುಡುಗಿಗೆ ಇದು ವಿಚಿತ್ರವಾಗಿ ಕಂಡಿದೆ. ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತ ಕೇಳಿಯೇಬಿಟ್ಟಳು.

"ಆಂಟಿ, ತಪ್ಪು ತಿಳ್ಕೋಬೇಡಿ. ದೇವರ ಹತ್ರ ಹೋಗಿಬಂದವರು ಮನೇಲಿ ಅನ್ನ ಸಾರು ಉಂಡು ಮಲಗೋದಲ್ವಾ? ಪೂಜೆ ಆದ ಕೂಡಲೇ ಹೋಟ್ಲು ಯಾಕೆ? ನಮ್ಮಜ್ಜಿ ಇದ್ದಿದ್ರೆ, ಪುಣ್ಯವನ್ನೆಲ್ಲ ಹೋಟ್ಲಲ್ಲಿ ಬಿಟ್ಟು ಬಂದ್ರಿ ಅಂತಿದ್ರು."

ಒಳ್ಳೆಯ ಪ್ರಶ್ನೆ. ಬಟ್ಟೆಯ ಬುಟ್ಟಿ ಕೆಳಗಿಡು, ನಿಧಾನವಾಗಿ ಹೇಳುತ್ತೇನೆ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸಂಜೆ ಪೂಜೆ ಎನ್ನುವುದೇ ನಮ್ಮ ಕಥೋಲಿಕರಿಗೆ ಇತ್ತೀಚಿನದು. ನನ್ನ ಅಜ್ಜಿಯ ಕಾಲದಲ್ಲಿ ಪೂಜೆ ಎಂದರೆ ಬೆಳಗಿನ ಪೂಜೆ. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಒಂದು ಗುಟುಕು ನೀರು ಕುಡಿದರೂ ಉಪವಾಸ ಮುರಿದಂತೆ. ಪೂಜೆ ಅರ್ಪಿಸುವ ಗುರುಗಳಿಗೂ ಅದೇ ಕಟ್ಟಳೆ. ಹಾಗಾಗಿ ನಸುಕಿನಲ್ಲೇ ಗಂಟೆ ಹೊಡೆಯುತ್ತಿತ್ತು, ಬಿಸಿಲೇರುವ ಮೊದಲೇ ಎಲ್ಲ ಮುಗಿಯುತ್ತಿತ್ತು. ಬೆಳಗಿನ ಹೊತ್ತು ಬಿಡುವಿಲ್ಲದವರಿಗೆ ಪೂಜೆಯೂ ಇಲ್ಲ, ಪ್ರಸಾದವೂ ಇಲ್ಲ.

ಇದು ಬದಲಾದದ್ದು 1953ರ ಜನವರಿಯಲ್ಲಿ. ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದು ಜಗದ್ಗುರು ಹನ್ನೆರಡನೇ ಪಿಯುಸ್ ಆದೇಶ ಹೊರಡಿಸಿದರು. ಸಂಜೆ ಪೂಜೆಗೆ ಅನುಮತಿ ಕೊಡುವ ಅಧಿಕಾರವನ್ನು ಬಿಷಪರಿಗೆ ಕೊಟ್ಟರು. ಸಂಜೆ ಪೂಜೆಗೆ ಬರುವವರು ಮೂರು ಗಂಟೆ ಮುಂಚೆ ಊಟ ನಿಲ್ಲಿಸಿದರೆ ಸಾಕು ಎಂದರು. ಆ ಆದೇಶಕ್ಕೆ ಕಾರಣಗಳನ್ನು ಕೊಡುವಾಗ ಅವರು ನೆನೆದದ್ದು ಕಾರ್ಖಾನೆಯ ಕೆಲಸಗಾರರನ್ನು, ಸಾರಿಗೆಯವರನ್ನು, ಹಗಲು ರಾತ್ರಿ ಪಾಳಿಯಲ್ಲಿ ದುಡಿಯುವವರನ್ನು. 1957ರಲ್ಲಿ ಮೂರು ಗಂಟೆಯ ನಿಯಮ ಎಲ್ಲ ಪೂಜೆಗಳಿಗೂ ಬಂತು. 1964ರಲ್ಲಿ ಆರನೇ ಪೌಲ್ ಅದನ್ನು ಒಂದು ಗಂಟೆಗೆ ಇಳಿಸಿದರು. ಅದು ಇವತ್ತಿಗೂ ನಡೆದಿದೆ. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತು. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಪೂಜೆ ಆಮೇಲೆ ಕನ್ನಡಕ್ಕೆ ಬಂತು. ಶನಿವಾರ ಸಂಜೆಯ ಪೂಜೆಯನ್ನು ಭಾನುವಾರದ ಲೆಕ್ಕಕ್ಕೆ ಹಿಡಿಯುವ ರೂಢಿಯೂ ಆಗಲೇ ಬೆಳೆಯಿತು. ಹೊತ್ತು ಮುಳುಗಿದರೆ ಮರುದಿನ ಶುರುವಾಯಿತು ಎಂಬುದು ಯೆಹೂದ್ಯರ ಹಳೆಯ ಎಣಿಕೆ. ಆ ಎಣಿಕೆಯಲ್ಲಿ ಶನಿವಾರದ ದೀಪ ಹಚ್ಚಿದ ಮೇಲೆ ಭಾನುವಾರವೇ.

"ಅಂದ್ರೆ ಡ್ಯೂಟಿಗೆ ಹೋಗೋರಿಗೋಸ್ಕರ ಸಂಜೆ ಪೂಜೆ ಬಂತು ಅನ್ನಿ" ಎಂದಳು ಹುಡುಗಿ. ಅವಳ ಗಂಡನಿಗೂ ಪಾಳಿ ಕೆಲಸ. ಹೌದಮ್ಮ, ಪೇಟೆಯ ಜನಕ್ಕಾಗಿಯೇ ಬಂತು ಎಂದೆ. ಭಾನುವಾರ ಬೆಳಗ್ಗೆ ವಾರ್ಡಿನಲ್ಲಿರುವ ನರ್ಸು, ಸ್ಟೀರಿಂಗ್ ಹಿಡಿದಿರುವ ಡ್ರೈವರು, ಗೇಟಿನಲ್ಲಿ ನಿಂತಿರುವ ಸೆಕ್ಯುರಿಟಿಯವನು, ಇನ್ನೊಬ್ಬರ ಅಡುಗೆಮನೆಯಲ್ಲಿ ತಿಂಡಿ ಮಾಡುತ್ತಿರುವ ಹೆಂಗಸು, ಇವರಿಗೆಲ್ಲ ದೇವರ ಮುಂದೆ ಕೂರಲು ಸಿಗುವ ಹೊತ್ತು ಸಂಜೆಯೇ.

ನಿಜ ಹೇಳಬೇಕೆಂದರೆ, ಇದು ಹೊಸ ರೂಢಿಯಾದರೂ ಹಳೆಯ ಹೊತ್ತಿಗೇ ಮರಳಿದಂತಾಗಿದೆ. ಏಸುಸ್ವಾಮಿ ಶಿಷ್ಯರ ಕೈಗೆ ರೊಟ್ಟಿ ಮುರಿದುಕೊಟ್ಟದ್ದು ರಾತ್ರಿಯ ಊಟದಲ್ಲಿ. ಅದು ಗುಡಿಯೊಳಗೆ ನಡೆದದ್ದಲ್ಲ. ಹಬ್ಬಕ್ಕೆಂದು ಜೆರುಸಲೇಮಿಗೆ ಬಂದವರು ಯಾರದೋ ಮನೆಯ ಮೇಲಿನ ಕೋಣೆಯನ್ನು ಕೇಳಿ ಪಡೆದು ಅಲ್ಲಿ ಉಂಡರು. ತಮ್ಮ ಮನೆಯಿಂದ ದೂರ, ಪರಊರಿನ ಪೇಟೆಯಲ್ಲಿ ನಡೆದ ಊಟ ಅದು. ಪುನರುತ್ಥಾನದ ದಿನದ ಎಮ್ಮಾವುಸ್ ಕತೆಯೂ ಸಂಜೆಯದೇ. ಇಬ್ಬರು ದಾರಿ ನಡೆಯುತ್ತಿರುತ್ತಾರೆ, ಮೂರನೆಯವನೊಬ್ಬ ಜೊತೆ ಸೇರುತ್ತಾನೆ. ದಾರಿಯುದ್ದಕ್ಕೂ ಶಾಸ್ತ್ರದ ಮಾತಾಡಿದರೂ ಅವನು ಯಾರೆಂದು ಇವರಿಗೆ ಹೊಳೆಯುವುದಿಲ್ಲ. ಹೊತ್ತು ಮುಳುಗಿತು, ನಮ್ಮ ಜೊತೆಯೇ ಇರು ಎಂದು ಒತ್ತಾಯ ಮಾಡಿ ಊಟಕ್ಕೆ ಕೂರಿಸುತ್ತಾರೆ. ಅವನು ರೊಟ್ಟಿ ಮುರಿದಾಗ ಗುರುತು ಸಿಗುತ್ತದೆ. ಅಷ್ಟೂ ಉಪದೇಶದಲ್ಲಿ ತಿಳಿಯದೇ ಹೋದದ್ದು ಅಪರಿಚಿತನೊಬ್ಬನನ್ನು ಊಟಕ್ಕೆ ಕೂರಿಸಿದಾಗ ತಿಳಿಯಿತು.

ಆದಿಯ ಕ್ರೈಸ್ತರು ಪ್ರಾರ್ಥನೆಗೂ ಊಟಕ್ಕೂ ಒಂದೇ ಕಡೆ ಸೇರುತ್ತಿದ್ದರು. ಅಲ್ಲಿ ಜಗಳವೂ ಆಗುತ್ತಿತ್ತು. ಕೊರಿಂಥ ಎಂಬ ವ್ಯಾಪಾರದ ಪಟ್ಟಣದಲ್ಲಿ ಉಳ್ಳವರು ಬೇಗ ಬಂದು ತಮ್ಮ ಪಾಡಿಗೆ ತಾವು ತಿಂದು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಸಂತ ಪೌಲ ಅವರನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡ. ಒಬ್ಬ ಹಸಿದಿರುವಾಗ ಇನ್ನೊಬ್ಬ ಅಮಲಿನಲ್ಲಿದ್ದರೆ ಅದು ಪ್ರಭುವಿನ ಭೋಜನವೇ ಅಲ್ಲ, ಒಬ್ಬರಿಗೊಬ್ಬರು ಕಾದು ಉಣ್ಣಿ ಎಂಬುದು ಅವನ ಪತ್ರದ ತಾತ್ಪರ್ಯ. ಕಾಲ ಕಳೆದಂತೆ ಊಟ ಬೇರೆಯಾಯಿತು, ಪೂಜೆ ಬೇರೆಯಾಯಿತು. ಪೂಜೆಯಲ್ಲಿ ಈಗ ಕೈಗೆ ಸಿಗುವುದು ಒಂದು ತೆಳ್ಳಗಿನ ಬಿಳಿಯ ಅಪ್ಪ. ಊಟದ ಉಳಿದ ಭಾಗವನ್ನು ನಾವೇ ಹುಡುಕಿಕೊಳ್ಳಬೇಕು. ಚರ್ಚಿನಿಂದ ಹೊರಬಿದ್ದ ಮೇಲೆ ನಾನು ಹುಡುಕುವುದು ಅದನ್ನೇ.

"ಮನೇಲಿ ಎಲ್ರೂ ಒಟ್ಟಿಗೆ ಕೂತು ಉಂಡ್ರೂ ಅದೇ ಆಯ್ತಲ್ಲ ಆಂಟಿ?"

ಆಗುವುದಿಲ್ಲ ಎಂದೆ. ಮನೆಯಲ್ಲಿ ನಾವು ನಮ್ಮವರ ಜೊತೆ ಉಣ್ಣುತ್ತೇವೆ. ಅವರ ರುಚಿ ನಮಗೆ ಗೊತ್ತು, ಅವರ ಮಾತು ನಮಗೆ ಗೊತ್ತು. ಪೂಜೆಯಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ನಾನು ಆರಿಸುವಂತಿಲ್ಲ. ಶಾಂತಿ ಕೋರುವ ಘಳಿಗೆಯಲ್ಲಿ, ಅವರು ಯಾರೇ ಆಗಿರಲಿ, ತಿರುಗಿ ಕೈಮುಗಿಯಬೇಕು. ಹೋಟೆಲಿನಲ್ಲೂ ಹಾಗೆಯೇ. ಎದುರು ಕುರ್ಚಿಗೆ ಯಾರು ಬರುತ್ತಾರೋ ಅವರು ಬಂದದ್ದೇ ಸರಿ. ನಾವು ಆರಿಸಿಕೊಳ್ಳದ ಜನರ ಪಕ್ಕ ಕೂತು ತಿನ್ನುವ ಅಭ್ಯಾಸವನ್ನು ಈ ಬೆಂಗಳೂರು ಎರಡು ಕಡೆ ಮಾಡಿಸುತ್ತದೆ. ಒಂದು ಪೀಠದ ಮುಂದೆ, ಇನ್ನೊಂದು ಹೋಟೆಲಿನ ಮೇಜಿನ ಮುಂದೆ. ಎರಡನ್ನೂ ಒಂದೇ ಸಂಜೆಯಲ್ಲಿ ಮಾಡಿದರೆ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಗಟ್ಟಿಯಾಗುತ್ತದೆ.

ನಮ್ಮ ಮನೆಯಿರುವ ಲಿಂಗರಾಜಪುರದಿಂದ ನಾವು ಸಾಮಾನ್ಯವಾಗಿ ಹೋಗುವುದು ಶಿವಾಜಿನಗರದ ಸಂತ ಮೇರಿ ಬಸಿಲಿಕಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ತಲೆಯೆತ್ತಿದರೆ ಗೋಪುರ ಕಾಣುತ್ತದೆ. ಆ ಜಾಗದಲ್ಲಿ ಮೊದಲಿದ್ದದ್ದು ಸಣ್ಣದೊಂದು ಪ್ರಾರ್ಥನಾಲಯ. ಅದನ್ನು ಕಟ್ಟಿದವರು ಫ್ರಾನ್ಸಿನ ಗುರು ಅಬ್ಬೆ ದುಬ್ವಾ. ಈ ಹೆಸರು ಬಂದಾಗ ನಾನು ಹುಡುಗಿಗೆ ಅವಳ ಊರನ್ನು ನೆನಪಿಸಿದೆ. "ನಿಮ್ಮ ಹಾಸನದ ಹತ್ರ ಸಾತಳ್ಳಿ ಇದೆಯಲ್ಲ, ಅಲ್ಲಿ ರೈತರನ್ನ ನೆಲೆ ನಿಲ್ಲಿಸಿದವರು ಇವರೇ ಕಣಮ್ಮ." ಅವಳ ಮುಖ ಅರಳಿತು. "ನಮಗೆ ಶೆಟ್ಟಿಹಳ್ಳಿ ಚರ್ಚು ಗೊತ್ತು ಆಂಟಿ, ಹೇಮಾವತಿ ಹಿನ್ನೀರಲ್ಲಿ ಮುಳುಗುತ್ತಲ್ಲ, ಅದು. ಕಾಲೇಜಲ್ಲಿದ್ದಾಗ ಹೋಗಿದ್ವಿ."

ದುಬ್ವಾ 1792ರಲ್ಲಿ ಭಾರತಕ್ಕೆ ಬಂದವರು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆಸಿ, ಈ ನಾಡಿನವರಂತೆಯೇ ಉಟ್ಟು, ಈ ನಾಡಿನವರಂತೆಯೇ ಉಂಡು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದರು. ಸಿಡುಬಿನ ಲಸಿಕೆ ಎಂದರೆ ಎಲ್ಲರೂ ಹೆದರುತ್ತಿದ್ದ 1803–04ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿದರು. 1823ರಲ್ಲಿ ಫ್ರಾನ್ಸಿಗೆ ಹಿಂತಿರುಗಿದರು. ಅವರು ಕಟ್ಟಿದ ಪ್ರಾರ್ಥನಾಲಯದ ಜಾಗದಲ್ಲಿ ಈಗಿರುವ ಗಾಥಿಕ್ ಶೈಲಿಯ ದೊಡ್ಡ ಚರ್ಚು ಎದ್ದು, 1882ರ ಸೆಪ್ಟೆಂಬರ್ 8ರಂದು, ಮಾತೆಯ ಹುಟ್ಟುಹಬ್ಬದ ದಿನವೇ, ಅದರ ಪ್ರತಿಷ್ಠೆ ಆಯಿತು. 1973ರಲ್ಲಿ ಆರನೇ ಪೌಲ್ ಅದಕ್ಕೆ ಬಸಿಲಿಕದ ಪದವಿ ಕೊಟ್ಟರು. ಕರ್ನಾಟಕದ ಮೊದಲ ಬಸಿಲಿಕ ಅದು.

ಅಲ್ಲಿ ಮರಿಯಮ್ಮನವರಿಗೆ ಸೀರೆ ಉಡಿಸುತ್ತಾರೆ. ಅಮ್ಮನಿಗೆ ಸೀರೆ ಹರಕೆ ಹೊರುವವರಲ್ಲಿ ಕ್ರೈಸ್ತರು ಮಾತ್ರವೇ ಇಲ್ಲ. ಸಂಜೆ ಹೊತ್ತು ಹೋಗಿ ನೋಡಬೇಕು. ಕುಂಕುಮ ಇಟ್ಟ ಹೆಂಗಸರು, ಬುರ್ಖಾ ತೊಟ್ಟ ತಾಯಂದಿರು, ಕತ್ತಿನಲ್ಲಿ ಕಂಪನಿಯ ಐ.ಡಿ. ಕಾರ್ಡು ತೆಗೆಯದೆ ಬಂದ ಹುಡುಗರು, ಎಲ್ಲರೂ ಮೇಣದಬತ್ತಿ ಹಚ್ಚಿ ನಿಲ್ಲುತ್ತಾರೆ. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆಗಳಿರುತ್ತವೆ. ಒಂದು ಭಾಷೆಯವರು ಹೊರಡುವಾಗ ಇನ್ನೊಂದು ಭಾಷೆಯವರು ಒಳಗೆ ಬರುತ್ತಿರುತ್ತಾರೆ. ಆಗಸ್ಟ್ 29ಕ್ಕೆ ಬಾವುಟ ಏರಿಸಿದರೆಂದರೆ ಸೆಪ್ಟೆಂಬರ್ 8ರ ತೇರಿನವರೆಗೆ ಶಿವಾಜಿನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಬಣ್ಣದ ಬಟ್ಟೆ ತೊಟ್ಟು ಹರಕೆಯವರು ನಡೆದೇ ಬರುತ್ತಾರೆ.

ಕನ್ನಡ ಪೂಜೆಯಲ್ಲಿ ಕೂತರೆ ನನಗೆ ಮೈ ಹಗುರಾಗುತ್ತದೆ. ವಾಚನ, ಶುಭಸಂದೇಶ, ಪ್ರಬೋಧನೆ, ಆಮೇಲೆ ಕಾಣಿಕೆ, ಆಮೇಲೆ ಪರಮಪ್ರಸಾದ. ಮೊದಲ ಅರ್ಧ ಮಾತು, ಉಳಿದರ್ಧ ಊಟದ ಮೇಜು. ನಮ್ಮ ಪೂಜೆಯ ಕಟ್ಟೇ ಹಾಗಿದೆ. ಗಾಯನ ವೃಂದದವರು ಹಾರ್ಮೋನಿಯಂ ತಬಲಾ ಇಟ್ಟುಕೊಂಡು ಕೊನೆಯ ಹಾಡು ಹಿಡಿದಾಗ ಆಚೆಯ ಮಸೀದಿಯಿಂದ ಆಜಾನ್ ಕೇಳಿಬರುವುದುಂಟು. ಯಾರೂ ದನಿ ತಗ್ಗಿಸುವುದಿಲ್ಲ, ಯಾರೂ ದನಿ ಏರಿಸುವುದಿಲ್ಲ. ಎರಡೂ ಕಡೆ ತಮ್ಮ ತಮ್ಮ ಪ್ರಾರ್ಥನೆ ಮುಗಿಸುತ್ತಾರೆ.

ಹೊರಗೆ ಬಂದರೆ ಎದುರಿಗೇ ರಸೆಲ್ ಮಾರ್ಕೆಟ್ಟಿನ ಚೌಕ. 1927ರಲ್ಲಿ ಕಟ್ಟಿದ ಮಾರುಕಟ್ಟೆ ಅದು. ಹೂವು, ಹಣ್ಣು, ಖರ್ಜೂರ, ಕಬಾಬಿನ ಹೊಗೆ, ಬಿಸಿ ಸಮೋಸ, ಸುಲೇಮಾನಿ ಚಹಾ. ನಮ್ಮ ಯಜಮಾನರು ಅಲ್ಲೇ ನಿಂತು ಸೀಖ್ ಕಬಾಬ್ ತಿನ್ನುತ್ತಾರೆ, ನಾನು ರೋಟಿ ಜೊತೆ ಸಾರು ಹೇಳುತ್ತೇನೆ. ರಮ್ಜಾನ್ ತಿಂಗಳಲ್ಲಂತೂ ಪೂಜೆ ಮುಗಿಯುವ ಹೊತ್ತಿಗೂ ಮುಸಲ್ಮಾನರು ಉಪವಾಸ ಬಿಡುವ ಹೊತ್ತಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಬೆಳಗಿನಿಂದ ನೀರೂ ಮುಟ್ಟದವನು ಖರ್ಜೂರ ಬಾಯಿಗಿಟ್ಟುಕೊಳ್ಳುವುದನ್ನು ನೋಡಿದಾಗ ನಡುರಾತ್ರಿಯಿಂದ ಹಸಿದಿದ್ದ ನನ್ನ ಅಜ್ಜಿ ಕಣ್ಣಮುಂದೆ ಬರುತ್ತಾಳೆ. ಬಟ್ಟಲು ಹಲೀಮ್ ಕೈಗೆ ಕೊಡುವವನಿಗೆ ನಾನು ಯಾವ ಬಾಗಿಲಿಂದ ಬಂದೆ ಎಂದು ಗೊತ್ತಿರುತ್ತದೆ. ಚಮಚ ಕೊಡುವಾಗ ಅವನ ಮುಖದಲ್ಲಿ ಪ್ರೀತಿಯೇ ಇರುತ್ತದೆ.

ಕೆಲವು ಸಂಜೆ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ಹೋಗುತ್ತೇವೆ. ಅಲ್ಲಿ 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿ ಬಾಗಿಲು ತೆರೆಯುವುದೇ ಮಧ್ಯಾಹ್ನದ ಮೇಲೆ. ಖೋವಾ ನಾನ್ ಬಿಸಿ ಇರುವಾಗಲೇ ಖಾಲಿಯಾಗುತ್ತದೆ. ಶುಭ ಶುಕ್ರವಾರ ಹತ್ತಿರ ಬಂದಾಗ ಶಿಲುಬೆ ಗುರುತಿನ ಬನ್ನಿಗಾಗಿ ಜನ ಮುಗಿಬೀಳುತ್ತಾರೆ. ಶಿಲುಬೆಯ ಬನ್ನೂ ರಮ್ಜಾನಿನ ತಿಂಡಿಯೂ ಒಂದೇ ಒಲೆಯಲ್ಲಿ ಬೇಯುವ ಅಂಗಡಿ ಅದು.

ನಮ್ಮ ಮನೆಯ ಹಿರಿಸೊಸೆ ಸಿ.ಎಸ್.ಐ. ಸಭೆಯವಳು. ಅವಳ ಜೊತೆ ಭಾನುವಾರ ಸಂಜೆಯ ಆರಾಧನೆಗೆ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್‌ಗೆ ಹೋಗಿದ್ದೇನೆ. 1808ರಲ್ಲಿ ಅಡಿಗಲ್ಲು ಹಾಕಿ 1812ರಲ್ಲಿ ಮುಗಿಸಿದ ಚರ್ಚು. 1923ರಲ್ಲಿ ಬೆಂಕಿ ಬಿದ್ದು ಹಾಳಾಗಿ 1927ರಲ್ಲಿ ಮತ್ತೆ ಎದ್ದಿತು. ಅದು ಮೊದಲು ದಂಡಿನ ಬ್ರಿಟಿಷರ ಚರ್ಚು. ದಕ್ಷಿಣ ಭಾರತದ ಹಲವು ಪ್ರಾಟೆಸ್ಟೆಂಟ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಒಂದಾಗಿ ಸಿ.ಎಸ್.ಐ. ಆದಾಗ ಇದೂ ಅದರೊಳಗೆ ಬಂತು. ಅಲ್ಲಿಂದ ಹೊರಬಿದ್ದು ಎರಡು ಹೆಜ್ಜೆ ಹಾಕಿದರೆ ಅದೇ ರಸ್ತೆಯಲ್ಲಿ ಕೋಶೀಸ್. 1940ರಲ್ಲಿ ಬೇಕರಿಯಾಗಿ ಶುರುವಾದದ್ದು. ಎತ್ತರದ ಸೂರು, ಹಳೆಯ ಫ್ಯಾನು, ಬಿಳಿ ಉಡುಪಿನ ಮಾಣಿಗಳು, ಅವಸರ ಮಾಡದ ಗಿರಾಕಿಗಳು. ಅಲ್ಲೇ ತಿರುಗಿದರೆ ಚರ್ಚ್ ಸ್ಟ್ರೀಟ್. ಎಂ.ಜಿ. ರೋಡಿನಲ್ಲಿದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಅಲ್ಲಿಗೆ ಬಂತು. ಕಾಫಿ ಕೆಲಸಗಾರರ ಮೊದಲ ಸಹಕಾರ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟಿನಲ್ಲಿ. ಕೆಲಸ ಕಳೆದುಕೊಳ್ಳಲಿದ್ದವರು ಒಟ್ಟಾಗಿ ತಾವೇ ಮಾಲೀಕರಾದರು. ಮೇಜಿಗೆ ಕಾಫಿ ತಂದಿಡುವ ಪೇಟದವರಿಗೂ ಆ ಮನೆಯಲ್ಲಿ ಪಾಲಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

"ನೀವು ಹೇಳೋದೆಲ್ಲ ಮಾಂಸದ ಹೋಟ್ಲೇ. ನಮ್ಮಂಥವರು ಎಲ್ಲಿ ಹೋಗೋದು?" ಎಂದಳು ಹುಡುಗಿ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವೂ ಮಾಂಸ ಮುಟ್ಟುವುದಿಲ್ಲ. ಸಂಜೆ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆ ಮುಗಿಸಿ ದರ್ಶಿನಿಗೆ ಹೋಗುತ್ತೇವೆ. ಇಡ್ಲಿ, ಖಾರಾಬಾತ್, ಒಂದು ಕಾಫಿ. ದರ್ಶಿನಿಯನ್ನು ನಾನು ಬರೀ ತಿಂಡಿಯ ಜಾಗ ಎಂದು ನೋಡುವುದಿಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ಈ ಪದ್ಧತಿ ಊರಿನ ಊಟದ ರೀತಿಯನ್ನೇ ಬದಲಿಸಿತು. ಇಲ್ಲಿ ಕುರ್ಚಿಯಿಲ್ಲ. ಯಾರೇ ಆಗಲಿ ಟೋಕನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಎಲ್ಲರೂ ಒಂದೇ ಎತ್ತರದ ಕಲ್ಲಿನ ಮೇಜಿಗೆ ತಟ್ಟೆ ಇಟ್ಟು ನಿಂತೇ ತಿನ್ನಬೇಕು.

ಇದು ಸಣ್ಣ ವಿಷಯವಲ್ಲ. ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸೀಮೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದೇ ಬೇರೆ ಕೋಣೆ ಇರುತ್ತಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಚರ್ಚು ಇದಕ್ಕಿಂತ ಮೇಲು ಎಂದು ನಾನು ಹೇಳುವುದಿಲ್ಲ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲಿತ್ತು, ಸತ್ತ ಮೇಲೂ ಸಮಾಧಿಗಳು ಬೇರೆ ಬೇರೆ ಇದ್ದವು. ಒಂದೇ ರೊಟ್ಟಿಯ ಮಾತಾಡುವ ಜಾಗದಲ್ಲಿ ಹೀಗಾಯಿತಲ್ಲ ಎಂದು ನನಗೆ ಇವತ್ತಿಗೂ ನೋವಿದೆ. ಪೌಲ ಕೊರಿಂಥದವರಿಗೆ ಬರೆದ ಬೈಗುಳ ನಮಗೂ ಸಲ್ಲಬೇಕಾದದ್ದೇ. ಆದ್ದರಿಂದಲೇ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳದೆ ತಿನ್ನುವ ಪ್ರತಿಯೊಂದು ಮೇಜನ್ನೂ ನಾನು ಗೌರವದಿಂದ ನೋಡುತ್ತೇನೆ. ಅದು ಸುಮ್ಮನೆ ಬಂದದ್ದಲ್ಲ. ಜಗಳ ಮಾಡಿ, ಅವಮಾನ ತಿಂದು, ಹಿಂದಿನವರು ಗೆದ್ದುಕೊಟ್ಟದ್ದು. ನಾವು ಹೋಗಿ ಕೂತು ಅದನ್ನು ಉಳಿಸಿಕೊಳ್ಳಬೇಕು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ನಾನೂ ಬರಬಹುದಾ ಆಂಟಿ, ಪೂಜೆಗೆ?" ಎಂದಳು.

ಧಾರಾಳವಾಗಿ ಬರಬಹುದು. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ಹೆಸರು ಕೇಳುವುದಿಲ್ಲ. ಎಲ್ಲರೂ ನಿಂತಾಗ ನಿಂತರೆ, ಕೂತಾಗ ಕೂತರೆ ಸಾಕು. ಮೊಣಕಾಲೂರಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂತಿರಬಹುದು. ಫೋನು ಚೀಲದೊಳಗೆ ಇರಲಿ. ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ಬೆಂಚಿನಲ್ಲೇ ಇರಬೇಕು, ಅದು ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರಿಗೆ ಮಾತ್ರ ಎಂದು ಹೇಳಿದೆ.

"ಓ, ಕೊಡಲ್ವಾ? ನಮ್ಮಲ್ಲಿ ಪ್ರಸಾದ ಬಂದೋರಿಗೆಲ್ಲ ಕೊಡ್ತೀವಲ್ಲ."

ಈ ಮಾತು ನನ್ನ ಎದೆಗೆ ನಾಟಿತು. ಅವಳು ಕುಹಕದಿಂದ ಕೇಳಲಿಲ್ಲ, ಮಗುವಿನ ಹಾಗೆ ಕೇಳಿದಳು. ನಾನು ನಂಬುವ ಧರ್ಮಕ್ಕೆ ಅದರದೇ ಕಾರಣಗಳಿವೆ. ಅದು ಬರೀ ಸಿಹಿಯಲ್ಲ, ಒಂದು ಒಪ್ಪಂದ. ಅದನ್ನು ಕೈಯಲ್ಲಿ ತೆಗೆದುಕೊಂಡವರು ಬದುಕನ್ನೇ ಅದರ ಪ್ರಕಾರ ನಡೆಸುತ್ತೇವೆ ಎಂದು ಮಾತು ಕೊಟ್ಟಂತೆ. ಹಾಗೆಂದು ವಿವರಿಸಿದೆ, ಅವಳಿಗೂ ಅರ್ಥವಾಯಿತು. ಆದರೆ ಪಕ್ಕದಲ್ಲಿ ಕೂತವಳನ್ನು ಬಿಟ್ಟು ನಾನೊಬ್ಬಳೇ ಎದ್ದು ಹೋಗಿ ಸ್ವೀಕರಿಸಿ ಬರುವಾಗ ನನ್ನಲ್ಲಿ ಒಂದು ಋಣ ಉಳಿಯುತ್ತದೆ. ಪೀಠದಲ್ಲಿ ಹಂಚಿಕೊಳ್ಳಲು ಆಗದ್ದನ್ನು ಬೀದಿಯ ಮೇಜಿನಲ್ಲಿ ಹಂಚಿಕೊಳ್ಳಲೇಬೇಕು. ಪೂಜೆ ಮುಗಿದ ಮೇಲೆ ನಾನು ಮನೆಗೆ ಓಡದೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಇನ್ನೊಂದು ಮಾತು. ಸಂಜೆ ಪೂಜೆಗೆ ಒಂಟಿಯಾಗಿ ಬರುವವರು ಬಹಳ. ಬೆಳಗಿನ ಪೂಜೆಗೆ ಸಂಸಾರಗಳು ಬರುತ್ತವೆ. ಸಂಜೆಗೆ ಬರುವವರಲ್ಲಿ ಕೇರಳದಿಂದ ಬಂದ ನರ್ಸುಗಳು, ಮಿಜೋರಾಂ ಮಣಿಪುರಗಳಿಂದ ಬಂದು ಅಂಗಡಿಗಳಲ್ಲಿ ದುಡಿಯುವ ಹುಡುಗಿಯರು, ಮಂಗಳೂರಿನಿಂದ ಓದಲು ಬಂದ ಮಕ್ಕಳು, ಹೆಂಡತಿ ತೀರಿಹೋದ ಮೇಲೆ ರಾತ್ರಿಯ ಹೊತ್ತನ್ನು ಕಳೆಯುವುದು ಹೇಗೆಂದು ತಿಳಿಯದ ಹಿರಿಯರು ಇರುತ್ತಾರೆ. ಪೂಜೆಯಲ್ಲಿ ಇವರೆಲ್ಲ ನೂರಾರು ಜನರ ನಡುವೆ ಇರುತ್ತಾರೆ, ಅದು ಮುಗಿದ ಕೂಡಲೇ ಒಬ್ಬಂಟಿಯಾಗುತ್ತಾರೆ. ಎಷ್ಟೋ ಪಿ.ಜಿ.ಗಳಲ್ಲಿ ಭಾನುವಾರ ರಾತ್ರಿ ಅಡುಗೆಯೇ ಇರುವುದಿಲ್ಲ.

ಆದ್ದರಿಂದ ನಮ್ಮಲ್ಲೊಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪಕ್ಕದಲ್ಲೋ ಹಿಂದಿನ ಬೆಂಚಿನಲ್ಲೋ ಒಂಟಿಯಾಗಿ ಕೂತವರನ್ನು, ಶಾಂತಿ ಕೋರುವಾಗ ಕೈಮುಗಿದವರನ್ನು, ಹೊರಗೆ ಬಂದ ಮೇಲೆ ಕೇಳುವುದು. "ಊಟಕ್ಕೆ ಹೋಗ್ತಿದ್ದೀವಿ, ಬರ್ತೀರಾ?" ಅಷ್ಟೇ. ಕೆಲವರು ನಕ್ಕು ಬೇಡ ಎನ್ನುತ್ತಾರೆ, ಅದರಲ್ಲಿ ನಷ್ಟವೇನಿಲ್ಲ. ಬಂದವರಿಗೆ ಪ್ರಶ್ನೆ ಹಾಕುವುದಿಲ್ಲ. ಅವರಾಗಿ ಊರಿನ ಮಾತು ತೆಗೆಯುತ್ತಾರೆ, ಅಮ್ಮನ ಅಡುಗೆಯ ಮಾತು ಬರುತ್ತದೆ. ಹಾಗೆ ಕೇಳಿದ್ದರಿಂದಲೇ ಬಿದಿರಿನ ಎಳೆಯ ಮೊಳಕೆಯನ್ನು ಹುಳಿ ಬರಿಸಿ ಅಡುಗೆಗೆ ಹಾಕುವ ಪದ್ಧತಿ ಈಶಾನ್ಯದಲ್ಲೂ ಇದೆಯೆಂದು ನನಗೆ ತಿಳಿದದ್ದು, ನಮ್ಮ ಕೊಡಗಿನ, ಮಲೆನಾಡಿನ ಕಳಲೆಯ ರುಚಿ ಊಟಕ್ಕೆ ಬಂದ ಅಲ್ಲಿಯ ಹುಡುಗಿಗೆ ತಿಳಿದದ್ದು. ಬಿಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕರೆದವರೇ ಕೊಡಬೇಕು. ಹಾಗಾಗಿ ಕೈಗೆ ನಿಲುಕುವ ಹೋಟೆಲನ್ನೇ ಆರಿಸಬೇಕು. ನೂರು ರೂಪಾಯಿಯ ಇಡ್ಲಿ ಕಾಫಿಯಲ್ಲೂ ಈ ಕೆಲಸ ಆಗುತ್ತದೆ. ದುಬಾರಿ ಜಾಗಕ್ಕೆ ಕರೆದೊಯ್ದರೆ ಬಂದವರಿಗೆ ಉಪಕಾರದ ಭಾರ ಹೊರಿಸಿದಂತಾಗುತ್ತದೆ, ಮುಂದಿನ ವಾರ ಅವರು ಬೇರೆ ಬಾಗಿಲಿಂದ ಹೊರಟುಬಿಡುತ್ತಾರೆ.

ಬಡಿಸುವವರನ್ನೂ ಮರೆಯಬಾರದು. ಶನಿವಾರ ಭಾನುವಾರದ ಸಂಜೆ ನಮಗೆ ಬಿಡುವು, ಹೋಟೆಲಿನವರಿಗೆ ಮೈಮುರಿಯುವ ದುಡಿತ. ತಟ್ಟೆ ತೆಗೆ ಎಂದು ಕೂಗುವ ಬದಲು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಡುವುದು, ಊರು ಯಾವುದಪ್ಪ ಎಂದು ಮಾತಾಡಿಸುವುದು, ಹೊರಡುವಾಗ ಮೇಜು ಒರೆಸುವವನ ಕೈಗೇ ಹತ್ತಿಪ್ಪತ್ತು ರೂಪಾಯಿ ಇಡುವುದು. ಕೈಮುಗಿದು ಬಂದ ಮೇಲೂ ಮಾಣಿಯ ಮೇಲೆ ಸಿಡುಕುವವರ ಪ್ರಾರ್ಥನೆ ಎಲ್ಲಿಗೂ ಮುಟ್ಟಿಲ್ಲ ಎಂದೇ ನಾನು ತಿಳಿಯುವುದು.

ಹುಡುಗಿ ಬುಟ್ಟಿ ಎತ್ತಿಕೊಂಡಳು. ಶನಿವಾರ ಗಂಡನಿಗೆ ಬೆಳಗಿನ ಪಾಳಿಯಂತೆ, ಇಬ್ಬರೂ ಬರುತ್ತಾರಂತೆ. ಹೋಟೆಲನ್ನು ಅವಳೇ ಆರಿಸಲಿ ಎಂದು ಬಿಟ್ಟಿದ್ದೇನೆ. ಸಂಜೆ ಐದಕ್ಕೆ ಗೇಟಿನ ಹತ್ತಿರ ಸಿದ್ಧವಾಗಿರಬೇಕು, ಹೊರಡುವ ಮುಂಚೆ ಏನೂ ತಿನ್ನಬಾರದು ಎಂದು ಹೇಳಿದೆ. "ಪ್ರಸಾದ ತಗೊಳ್ಳದೆ ಇರೋರಿಗೂ ಉಪವಾಸನಾ ಆಂಟಿ?" ಎಂದಳು. ನಿಯಮದ ಪ್ರಕಾರ ಇಲ್ಲ ಕಣಮ್ಮ, ಆದರೂ ಹಸಿದುಕೊಂಡೇ ಬಾ. ಹಸಿದವರಿಗೆ ಪಕ್ಕದಲ್ಲಿರುವವರ ಹಸಿವು ಬೇಗ ತಿಳಿಯುತ್ತದೆ.